ಸುಣ್ಣದ ಚೌಕ

ತಮ್ಮ ಅಂಗಡಿಯ ಹಿಂಬದಿ ಕೋಣೆಯ ಬೀಗ ಒಡೆದಾಗ ಗಡಿಯಾರ ರಿಪೇರಿಯವರು ಬೆವರಲ್ಲಿ ತೊಯ್ದು ಹೊರಬಂದರು. ಬಂದವರೇ ಮುರಿದ ಬೀಗವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನೋಡಿ, ಪಾತ್ರೆ ಅಂಗಡಿಯಮ್ಮನ ಗೋದಾಮಿನ ಬೀಗ! ಬೆಳಗ್ಗೆಯಿಂದ ಕಿರುಚಿ ಕಿರುಚಿ ಗಂಟಲು ಹರಿದುಹೋಯ್ತು. ಪಕ್ಕದ ತಗಡಿನ ಬಡಿತದಲ್ಲಿ ಯಾರಿಗೆ ಕೇಳ್ಬೇಕು?"

ಅಳತೆ ಅತ್ತೆಯ ಸೊಸೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವಳದು ಪೇಟೆಬೀದಿಯ ನಟ್ಟನಡುವಿನ ಔಷಧಿ ಅಂಗಡಿ. ವರ್ತಕರ ಸಂಘದ ಅಧ್ಯಕ್ಷರ ಚುನಾವಣೆ ನಡೆಸಿಕೊಡು ಎಂದು ಎಲ್ಲರೂ ಸೇರಿ ಅವಳ ತಲೆಗೆ ಕಟ್ಟಿದ್ದರು. ನಡೆಸುವವಳಿಗೆ ಮತವಿಲ್ಲ, ಬೈಗುಳ ಮಾತ್ರ ಧಾರಾಳ. ಸಾಲದ್ದಕ್ಕೆ ಪಾತ್ರೆ ಅಂಗಡಿಯಮ್ಮ ಅವಳ ಒಡಹುಟ್ಟಿದ ಅಕ್ಕ, ಮೂವರು ಅಭ್ಯರ್ಥಿಗಳಲ್ಲಿ ಒಬ್ಬಳು. ಅಕ್ಕನನ್ನು ಕಣದಿಂದ ತೆಗೆದರೆ ಮಾಡದ ತಪ್ಪಿಗೆ ಶಿಕ್ಷೆ, ಉಳಿಸಿದರೆ ಒಡಹುಟ್ಟಿದವಳೆಂದು ಬಿಟ್ಟಳು ಎಂಬ ಮಾತು. ಅತ್ತ ದರಿ, ಇತ್ತ ಪುಲಿ.

ಚುನಾವಣೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಸರಕಿನ ಲಾರಿ ನಿಲ್ಲುವ ಜಾಗ ಆ ನೇರ ಬೀದಿಯಲ್ಲಿ ಎಲ್ಲಿರಬೇಕು? ಮೂಟೆ ಹೊರುವ ದೂರ ಕಡಿಮೆಯಾದರೆ ಸಾಕು, ಅಭ್ಯರ್ಥಿಯ ಮುಖ ಯಾರಿಗೂ ಬೇಕಿರಲಿಲ್ಲ. ತನ್ನ ಅಂಗಡಿಗೆ ಹತ್ತಿರದ ಜಾಗ ಹೇಳಿದವರಿಗೇ ಮತ. ಅಭ್ಯರ್ಥಿಗಳು ತಮ್ಮ ಜಾಗದಲ್ಲಿ ಸುಣ್ಣದ ಚೌಕ ಬರೆಯುತ್ತಿದ್ದರು. ಬೀಗದಂಗಡಿ ಯಜಮಾನರ ಚೌಕ ಮೇಲ್ತುದಿಯಲ್ಲಿ, ಅವರ ಅಂಗಡಿಯೆದುರೇ. ಅಕ್ಕನದು ಕೆಳಗಡೆ, ದರ್ಜಿ ಅಂಗಡಿಯೆದುರು. ಕೊನೆಗೆ ಕಣಕ್ಕೆ ನುಗ್ಗಿದ ಗಡಿಯಾರದವರದು ಅಕ್ಕನ ಚೌಕಕ್ಕೆ ಅಂಟಿಕೊಂಡೇ.

ದಿನಾ ಚೌಕ ಜರುಗಿಸುವ ಇವರ ಕಾಟ ತಡೆಯಲಾರದೆ ಸೊಸೆ ಒಂದು ನಿಯಮ ಮಾಡಿದ್ದಳು. ಮತದಾನದ ದಿನ ಹತ್ತು ಗಂಟೆಯೊಳಗೆ ಬಂದು ಕೊನೆಯ ಜಾಗ ಹೇಳಬೇಕು. ಬಾರದವರಿಗೆ ಹಳೆಯ ಚೌಕವೇ ಖಾಯಂ. ಈಗ ಹತ್ತು ಕಳೆದುಹೋಗಿತ್ತು.

"ಲಾಭ ಯಾರಿಗೆ ಅಂತ ನೋಡಮ್ಮ," ಎಂದರು ಬೀಗದಂಗಡಿ ಯಜಮಾನರು. "ಕೆಳಗಿನ ಮತ ಇವರಿಬ್ಬರೂ ಹಂಚ್ಕೋತಿದ್ರು. ಇವರಿಲ್ಲ ಅಂದ್ರೆ ಎಲ್ಲಾ ನಿನ್ನಕ್ಕನಿಗೇ. ಇವರು ಇದ್ರೇನೇ ನಾನು ಗೆಲ್ಲೋದು, ನಾನ್ಯಾಕೆ ಕೂಡಿಹಾಕ್ಲಿ?"

ಅಕ್ಕನ ಕಣ್ಣು ತುಂಬಿತು. "ದಿನಾ ಬೀಗ ತೆಗೆದು ಚಿಲಕಕ್ಕೆ ನೇತುಹಾಕ್ತೀನಿ ಕಣೇ. ಒತ್ತಿದ್ರೆ ಬೀಳೋ ಬೀಗ, ಯಾರು ಬೇಕಾದ್ರೂ ಒಯ್ಯಬಹುದು."

ಸೊಸೆ ಸೀದಾ ಅತ್ತೆಯ ಬಳಿ ಓಡಿದಳು. ಜನ್ಮವೆಲ್ಲ ಭೂಮಿ ಅಳೆದು ನಿವೃತ್ತರಾದ ಆಕೆಯನ್ನು ಬೀದಿಯವರು ಅಳತೆ ಅತ್ತೆ ಎನ್ನುತ್ತಿದ್ದರು. ಕಳುವಾದ ಸೈಕಲ್ಲಿನಿಂದ ಹಿಡಿದು ಕಾಣೆಯಾದ ಅಳಿಯನವರೆಗೆ ಎಲ್ಲವನ್ನೂ ಹುಡುಕಿಕೊಟ್ಟವರು ಆಕೆಯೇ. ಆದರೆ ಅವಸರ ಎಂಬುದು ಅವರ ಜಾತಕದಲ್ಲೇ ಇರಲಿಲ್ಲ.

ಅತ್ತೆ ಮೊದಲು ಗಡಿಯಾರದವರ ಕೈ ನೋಡಿದರು. "ಉಗುರಲ್ಲಿ ಸುಣ್ಣ ಯಾಕೆ?"

"ಚೌಕ ಮಾಸಿತ್ತು, ಬೆಳಗ್ಗೆ ಮತ್ತೆ ಬಳಿದೆ," ಎಂದರು ಅವರು, ಬೇರೆ ಕಡೆ ನೋಡುತ್ತ.

ದರ್ಜಿ ಅಂಗಡಿಯ ಬಳಿ ಅವರ ಚೌಕ ಗಾಲಿಗಳಡಿ ಉಜ್ಜಿ ಅಳಿಸಿಹೋದಂತೆಯೇ ಇತ್ತು. ಅತ್ತೆ ಬಗ್ಗಿ ಅದನ್ನೊಮ್ಮೆ ಬೆರಳಲ್ಲಿ ಸವರಿದರು. ನಿಧಾನವಾಗಿ ಮೇಲ್ತುದಿಗೆ ನಡೆದು, ಬೀಗದಂಗಡಿಗಿಂತ ಒಂದು ಅಂಗಡಿ ಈಚೆ, ಕ್ಷೌರದಂಗಡಿಯ ಮುಂದೆ ನಿಂತರು.

"ಇವತ್ತು ಇವರಿಗೆ ರಜ ಅಲ್ವಾ?"

"ಹೌದು ಅತ್ತೆ, ನಿನ್ನೆಯಿಂದ ಬಾಗಿಲು ತೆಗೆದಿಲ್ಲ."

"ಮತ್ತೆ ಮುಂದೆ ಇಷ್ಟು ಒದ್ದೆ? ಚರಂಡಿ ನೀರು ಬೇರೆ ಬೆಳ್ಳಗಿದೆ."

ಸೊಸೆಗೆ ಅಳುವೇ ಬಂತು. "ಅಲ್ಲಿ ಅಕ್ಕನ ಮಾನ ಹೋಗ್ತಿದೆ, ನೀವು ಇಲ್ಲಿ ಚರಂಡಿ ನೋಡ್ತಿದ್ದೀರಲ್ಲ!"

ಅತ್ತೆ ಬೀಗದಂಗಡಿಯ ಮೂಲೆಯಲ್ಲಿದ್ದ ಬಕೆಟ್ಟಿಗೂ ಒಮ್ಮೆ ಇಣುಕಿ, "ಎಲ್ಲರನ್ನೂ ಕರಿ," ಎಂದರು.

ಔಷಧಿ ಅಂಗಡಿಯ ಮುಂದೆ ಬೀದಿಗೆ ಬೀದಿಯೇ ಸೇರಿತು.

"ಇವರನ್ನ ಕೂಡಿಹಾಕಿದ್ರೆ ಪಾತ್ರೆ ಅಂಗಡಿಗೆ ಲಾಭ ಅಂದ್ರಿ," ಎಂದು ಅತ್ತೆ ಶುರುಮಾಡಿದರು. "ಹೇಗೆ? ನನ್ನ ಸೊಸೆಯ ನಿಯಮದಲ್ಲಿ ಬಾರದವರು ಕಣ ಬಿಟ್ಟಂತಲ್ಲ, ಹಳೇ ಚೌಕದಲ್ಲೇ ಉಳಿದಂತೆ. ಇವರು ಅಲ್ಲೇ ಉಳಿದ್ರೆ ಕೆಳಗಿನ ಮತ ಒಡೆದೇ ಒಡೆಯುತ್ತೆ. ಅದು ಯಾರಿಗೆ ಬೇಕಿತ್ತು?"

ತಾನೇ ಮಾಡಿದ ನಿಯಮ ತನಗೇ ಹೊಳೆಯಲಿಲ್ಲವಲ್ಲ ಎಂದು ಸೊಸೆ ಕೈ ಕೈ ಹಿಸುಕಿಕೊಂಡಳು.

ಅತ್ತೆ ತಿರುಗಿದರು. "ಗಡಿಯಾರದವರೇ, ಇವತ್ತು ಬೆಳಗ್ಗೆ ಕ್ಷೌರದಂಗಡಿ ಮುಂದೆ ಹೊಸ ಚೌಕ ಬರೆದ್ರಿ. ಹೌದೋ ಅಲ್ವೋ?"

ಅವರು ತಲೆ ತಗ್ಗಿಸಿದರು. "ಕೆಳಗೆ ಇಬ್ಬರು ಕಿತ್ತಾಡಿ ಸಿಗೋದೇನು? ಯಜಮಾನರ ಮಗ್ಗುಲಲ್ಲೇ, ನಡುವಿನ ಕಡೆಗೆ ನಿಂತ್ರೆ ಅವರಿಗೆ ತುದಿ ಅಂಗಡಿಗಳಷ್ಟೇ ಉಳಿಯುತ್ತೆ, ಅಲ್ಲಿಂದ ನಡುವಿನವರೆಗೆ ಎಲ್ಲಾ ನನಗೇ ಅನ್ನಿಸ್ತು. ಮತ್ತೆ ಯಾಕೆ ಹೇಳ್ಲಿಲ್ಲ ಅಂತೀರಾ? ಕೆಳಗೆ ಹೋಗಿ ನಿಲ್ಲಿ, ಮತ ಒಡೀರಿ ಅಂತ ನನ್ನ ನಿಲ್ಲಿಸಿದ್ದೇ ಅವರು."

"ಇವರು ಹಿಂಬದಿ ಕೋಣೆಗೆ ಸುಣ್ಣದ ಡಬ್ಬಿ ಇಡೋಕೆ ಹೋದ್ರು, ಬೀಗ ಬಿತ್ತು," ಎಂದರು ಅತ್ತೆ. "ಆಮೇಲೆ ಚೌಕವನ್ನೂ ತೊಳೆದಿದ್ದಾಯ್ತು. ಬೀಗ ಮಾರೋರು ಸ್ವಂತ ಬೀಗ ಹಾಕಿದ್ರೆ ಸಿಕ್ಕಿಬೀಳ್ತಾರಲ್ಲ, ಅದಕ್ಕೇ ಪಾತ್ರೆ ಅಂಗಡಿಯದು. ಇವರನ್ನ ಓಡಿಸಬೇಕಿರಲಿಲ್ಲ ಯಜಮಾನರೇ, ಇದ್ದಲ್ಲೇ ಇರಿಸಬೇಕಿತ್ತು."

"ಆ ಚೌಕ ನಾನು ನೋಡೇ ಇಲ್ಲ!"

"ನಿಮ್ಮ ಬಕೆಟ್ಟಿನ ತಳದಲ್ಲಿ ಸುಣ್ಣ ಕಟ್ಟಿದೆ. ತೊಳೆಯುವಾಗ ಬಟ್ಟೆಗೂ ಸಿಡಿದಿರಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಜಮಾನರು ಬಗ್ಗಿ ಪ್ಯಾಂಟಿನ ಅಂಚು ನೋಡಿಕೊಂಡರು. ಅಷ್ಟು ಸಾಕಾಯಿತು. ಸೊಸೆ ಅವರನ್ನು ಅಲ್ಲೇ ಕಣದಿಂದ ತೆಗೆದು, ಉಳಿದಿಬ್ಬರಿಗೆ ಜಾಗ ಹೇಳಲು ಒಂದು ಗಂಟೆ ಹೆಚ್ಚು ಕೊಟ್ಟಳು. ಅಕ್ಕ ಅವಳನ್ನು ತಬ್ಬಿಕೊಂಡು ಅತ್ತಳು.

"ಇನ್ನು ಉಳಿದಿರೋದು ಇಬ್ಬರೇ," ಎಂದರು ಅತ್ತೆ ಕನ್ನಡಕ ಒರೆಸುತ್ತ. "ಎಲ್ಲಿಗೆ ಬರ್ತಾರೆ ನೋಡ್ತಿರು."

ಕಣ್ಣೀರು ಒರೆಸಿಕೊಂಡ ಅಕ್ಕ ಚೌಕವನ್ನು ಕೊಂಚ ಮೇಲಕ್ಕೆ ತಂದಳು. ಗಡಿಯಾರದವರು ಅವಳಿಗಿಂತ ಒಂದು ಹೆಜ್ಜೆ ಮೇಲೆ ಬಂದರು. ಅವಳು ಅವರನ್ನೂ ದಾಟಿದಳು. ಹೀಗೆ ದಾಟಿ ದಾಟಿ ಇಬ್ಬರೂ ಬೀದಿಯ ನಟ್ಟನಡುವೆ ಬಂದು ನಿಂತರು. ಅಲ್ಲಿಂದ ಅತ್ತ ಸರಿದರೂ ಸೋಲು, ಇತ್ತ ಸರಿದರೂ ಸೋಲು. ಎರಡೂ ಚೌಕಗಳು ಔಷಧಿ ಅಂಗಡಿಯ ಮೆಟ್ಟಿಲಿಗೇ ತಾಗಿದ್ದವು.

"ಅಕ್ಕಾ! ಬಾಗಿಲಿಗೇ ಲಾರಿ ನಿಲ್ಲಿಸ್ತೀಯಾ? ಕಾಯಿಲೆಯವರು ಹೇಗೆ ಒಳಗೆ ಬರ್ಬೇಕು?"

"ಸಿಟ್ಟಾಗ್ಬೇಡ್ವೇ," ಎಂದಳು ಅಕ್ಕ, ಸುಣ್ಣದ ಕೈ ಸೆರಗಿಗೆ ಒರೆಸಿಕೊಳ್ಳುತ್ತ. "ನಾನು ಇಲ್ಲಿಂದ ಸರಿದ್ರೆ ಇವರು ಗೆಲ್ತಾರೆ. ಆಗ್ಲೂ ಲಾರಿ ಇಲ್ಲೇ."

ಅಕ್ಕನ ಮಾತು ನಿಜವಾಗಿತ್ತು. ಅದಕ್ಕೇ ಸೊಸೆಗೆ ಇನ್ನಷ್ಟು ಉರಿಯಿತು. ಬೇಡ ಎನ್ನಲು ಅವಳಿಗೊಂದು ಮತವೂ ಇರಲಿಲ್ಲ. ಅವಳು ಮತಪೆಟ್ಟಿಗೆ ಹೊತ್ತು ತಂದು, ಎರಡು ಚೌಕಗಳ ಮೇಲೂ ಕಾಲೂರುವಂತೆ ಕುರ್ಚಿ ಹಾಕಿ ಕೂತು, "ಬನ್ನಿ, ಹಾಕಿ ಸಾಯಿರಿ," ಎಂದಳು.