ಡೀಸೆಲ್ ಸುರಿದ ಬೂತಾಯಿ

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ನಿಯಿಮಾ ಬೋಜಂಗ್ ಬಾಂತಂಡಿಂಗ್ ಊರಿನ ಪೊಲೀಸ್ ಠಾಣೆಗೆ ಬಂದು, ಸೆರಗಿನಿಂದ ಒಂದು ಬೂತಾಯಿ ಮೀನು ತೆಗೆದು ಇನ್ಸ್‌ಪೆಕ್ಟರ್ ಕೆಬ್ಬಾ ಜಾಟ್ಟಾನ ಮೇಜಿನ ಮೇಲಿಟ್ಟಳು.

"ಮೂಸಿ ನೋಡಿ, ಸಾಹೇಬ್ರೆ."

ಜಾಟ್ಟಾ ಮೂಸಿದ. ಡೀಸೆಲ್ಲಿನ ನಾತ.

ಕಡಲ ದಂಡೆಯ ಹೊಗೆಮನೆಯಲ್ಲಿ ಹೊಗೆ ಹಾಕಿ ಮೀನು ಒಣಗಿಸುವ ಹೆಂಗಸರಿಗೆ ನಿಯಿಮಾ ಹಿರಿಯಳು. ಮೀನಿನ ಪುಡಿ, ಎಣ್ಣೆ ಮಾಡುವ ಕಾರ್ಖಾನೆ ಊರಿಗೆ ಬಂದ ಮೇಲೆ ದೋಣಿಗಳೆಲ್ಲ ನೇರ ಅದರ ಗೇಟಿಗೇ ಹೋಗುತ್ತಿದ್ದವು. ಸೋಮವಾರ ಕಾರ್ಖಾನೆಯ ಯಂತ್ರ ಕೆಟ್ಟಿತ್ತು. ಹಾಗಾಗಿ ಎಷ್ಟೋ ತಿಂಗಳ ಮೇಲೆ ಒಂದಿಡೀ ದೋಣಿಯ ಬೂತಾಯಿ ಹೆಂಗಸರ ಪಾಲಿಗೆ ಬಂದಿತ್ತು. ತೊಳೆದು, ಜಾಲರಿಯ ಮೇಲೆ ಹರಡಿ, ಬೆಳಿಗ್ಗೆ ಬೆಂಕಿ ಹಾಕೋಣವೆಂದು ಬೀಗ ಹಾಕಿ ಹೋಗಿದ್ದರು. ಬೆಳಿಗ್ಗೆ ಬಾಗಿಲು ತೆಗೆದರೆ ಅಷ್ಟೂ ಮೀನಿನ ಮೇಲೆ ಯಾರೋ ಡೀಸೆಲ್ ಸುರಿದಿದ್ದರು.

"ಯಾರ ಮೇಲೆ ಅನುಮಾನ?"

"ಕೇಳ್ಬೇಕಾ? ಕಾರ್ಖಾನೆಯ ಏಜೆಂಟ್ ಬೂಬಾ. ನಮ್ಮ ಒಲೆ ಉರಿದ್ರೆ ಅವನ ಹೊಟ್ಟೆನೂ ಉರಿಯುತ್ತೆ."

ಜಾಟ್ಟಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಮರಿಯಾಮಾ ಸಾಂಬೂಳನ್ನು ಕರೆದುಕೊಂಡು ಸ್ಥಳಕ್ಕೆ ಹೋದ. ಬಲೆ ನೇಯುವ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಆರಂಭಿಸಿದ. ಬಾಗಿಲ ಬೀಗ ಮುರಿದಿರಲಿಲ್ಲ. ಹಿಂಬದಿಯ ಗೋಡೆಯಲ್ಲಿ ಒಂದು ಹಲಗೆ ಮಾತ್ರ ಸಡಿಲ. ಕಿತ್ತು, ಮತ್ತೆ ಅದೇ ತೂತಿಗೆ ಮೊಳೆ ಕೂರಿಸಿದ್ದರು.

"ಈ ಹಲಗೆ ಸಡಿಲ ಅಂತ ಯಾರಿಗೆ ಗೊತ್ತು?" ಎಂದು ಜಾಟ್ಟಾ ಕೇಳಿದ.

"ಬೂದಿ ಎಳೆಯೋಕೆ ಬಿಟ್ಟಿದ್ದು. ಒಳಗೆ ದುಡಿದವರಿಗೆ ಗೊತ್ತು," ಎಂದಳು ನಿಯಿಮಾ. ಹೇಳಿದ ಮೇಲೆ ಅವಳ ಮುಖ ಸಣ್ಣಗಾಯಿತು.

ಮಾದರಿ ತೆಗೆದು ಮೊಹರು ಮಾಡುವಷ್ಟರಲ್ಲಿ ಬಿಸಿಲೇರಿ ಮೀನು ಉಬ್ಬತೊಡಗಿತು. ಅಷ್ಟರಲ್ಲಿ ಏಜೆಂಟ್ ಬೂಬಾ ಬಂದು ನಿಂತ.

"ಯಂತ್ರ ರಿಪೇರಿ ಆಯ್ತು. ಗೇಟಿಗೆ ತನ್ನಿ, ತಗೋತೀನಿ."

"ಇದನ್ನಾ? ಡೀಸೆಲ್ ನಾತ ಹೊಡೀತಿದೆ," ಎಂದಳು ಮರಿಯಾಮಾ.

"ನಮ್ಮ ಯಂತ್ರಕ್ಕೆ ಮೂಗಿಲ್ಲ, ತಂಗಿ."

ಅವನ ಕೆನ್ನೆಗೆ ಒಂದು ಬಿಡಬೇಕೆನ್ನಿಸಿತು ಜಾಟ್ಟಾನಿಗೆ. ಆದರೆ ರಾತ್ರಿಯಿಡೀ ಬೂಬಾ ಪಟ್ಟಣದಲ್ಲಿ ಯಂತ್ರದ ಬಿಡಿಭಾಗಕ್ಕಾಗಿ ಕಾದಿದ್ದ. ಫೋನಿನಲ್ಲಿ ವಿಚಾರಿಸಿದಾಗ ಅಂಗಡಿಯವನೂ ಲಾರಿ ಚಾಲಕನೂ ಅದನ್ನೇ ಹೇಳಿದರು. ಅಪರಾಧಿ ಅವನೇ ಆಗಿದ್ದರೆ ಚೆನ್ನಾಗಿತ್ತು ಎಂದು ಜಾಟ್ಟಾ ಮನಸ್ಸಿನಲ್ಲೇ ಅಂದುಕೊಂಡ. ಮೀನನ್ನು ಹೆಂಗಸರಿಗೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದ. ಹೆಂಗಸರು ಗೇಟಿಗೆ ಹೊರಲು ಬುಟ್ಟಿ ತುಂಬತೊಡಗಿದರು.

ಆ ದಂಡೆಯ ದೋಣಿಗಳೆಲ್ಲ ಓಡುವುದು ಪೆಟ್ರೋಲಿನಲ್ಲಿ. ಡೀಸೆಲ್ ಇದ್ದದ್ದು ಕಾರ್ಖಾನೆಯ ಜನರೇಟರ್ ಕೋಣೆಯಲ್ಲಿ. ಅಲ್ಲಿನ ಆಪರೇಟರ್ ಮುದುಕನನ್ನು ಮರಿಯಾಮಾ ವಿಚಾರಿಸಿದಳು.

"ನಿನ್ನೆ ಯಾರಿಗಾದ್ರೂ ಡೀಸೆಲ್ ಕೊಟ್ರಾ?"

"ಮಾರೋದಿಲ್ಲಮ್ಮ."

"ಮಾರಿದ್ರಾ ಅಂತ ಕೇಳ್ಲಿಲ್ಲ. ಕೊಟ್ರಾ ಅಂದೆ."

ಮುದುಕ ಕಣ್ಣು ತಪ್ಪಿಸಿದ. "ಸಿರ್ರೆ ಡಾರ್ಬೋ ಸಂಜೆ ಒಂದು ಕ್ಯಾನ್ ತಗೊಂಡ್ಲು. ಮನೆ ಕಂಬಕ್ಕೆ ಗೆದ್ದಲು ಹಿಡಿದಿದೆ ಅಂದ್ಲು."

ಸಿರ್ರೆ ಈಗ ಕಾರ್ಖಾನೆಯಲ್ಲಿ ಮೀನು ಸಲಿಕೆಯಲ್ಲಿ ಎತ್ತಿಹಾಕುವವಳು. ಅದಕ್ಕೂ ಮೊದಲು ಹದಿನಾರು ವರ್ಷ ಹೊಗೆಮನೆಯಲ್ಲಿ ನಿಯಿಮಾಳ ಪಕ್ಕದ ಒಲೆ ಅವಳದು.

ಅವಳ ಮನೆಯ ಹಿತ್ತಿಲಲ್ಲಿ ಖಾಲಿ ಕ್ಯಾನ್ ಸಿಕ್ಕಿತು. ಜಾಟ್ಟಾ ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಗೆರೆಯೊಂದನ್ನು ಉಗುರಿನಿಂದ ಒಡೆದ. ಒಳಗೆ ಬಿಳಿ ಗೆದ್ದಲು ಜೀವಂತವಾಗಿ ಓಡಾಡುತ್ತಿದ್ದವು.

"ಡೀಸೆಲ್ ಎಲ್ಲಿಗೆ ಹೋಯ್ತು, ಸಿರ್ರೆ ಅಕ್ಕ?"

ಅವಳು ಹೊಸ್ತಿಲ ಮೇಲೆ ಕೂತಳು.

"ಗೊತ್ತಿದ್ದೇ ಬಂದಿದ್ದೀರಲ್ಲ."

"ಯಾಕೆ?"

"ಮೀನಿಲ್ದೆ ಒಲೆ ಆರಿದಾಗ ಕಾರ್ಖಾನೆಗೆ ಹೋದೆ. ಮಕ್ಕಳು ಉಣ್ಬೇಕಲ್ಲ. ಆವತ್ತಿಂದ ನಾನು ನಾತದವಳು. ನಿಯಿಮಾಳ ಮೊಮ್ಮಗುವಿನ ನಾಮಕರಣಕ್ಕೆ ಹೋದ್ರೆ ಎಲ್ಲರೂ ಒಂದೇ ಬೋಗುಣಿಗೆ ಕೈ ಹಾಕಿ ಉಂಡ್ರು. ನನಗೆ ಮಾತ್ರ ಬೇರೆ ತಟ್ಟೆ, ಬಾಗಿಲ ಆಚೆ." ಅವಳು ಅಂಗೈಗಳನ್ನು ತೊಡೆಗೆ ಉಜ್ಜಿಕೊಂಡಳು. "ಅದನ್ನೂ ನುಂಗ್ಕೊಂಡೆ. ನಿನ್ನೆ ದಂಡೆಗೆ ಮೀನು ಬಂತು ಅಂತ ಕೇಳಿ ನನ್ನ ಹಳೇ ಚಾಕು ತಗೊಂಡು ಓಡಿದೆ, ಸಾಹೇಬ್ರೆ. ಕೂಲಿಗಲ್ಲ, ಸುಮ್ನೆ ಕೂತು ಕೊಯ್ಯೋಣ ಅಂತ. ನಿಯಿಮಾ ನನ್ನ ಕೈ ತಳ್ಳಿ, 'ನೀನು ಮುಟ್ಬೇಡ, ತಿನ್ನೋ ಮೀನು ಇದು' ಅಂದ್ಲು. ಎಲ್ಲರೂ ನಕ್ರು."

"ಅದಕ್ಕೆ ಇಡೀ ಊರಿನ ಅನ್ನಕ್ಕೆ ಡೀಸೆಲ್ ಸುರಿಯೋದಾ?"

"ಅವರೂ ಒಂದ್ಸಲ ಬುಟ್ಟಿ ಹೊತ್ತು ಆ ಗೇಟಲ್ಲಿ ನಿಲ್ಲಲಿ ಅನ್ನಿಸ್ತು."

ಮಧ್ಯಾಹ್ನ ಎರಡು ಗಂಟೆಗೆ ಬಂಧನ. ಕ್ಯಾನನ್ನು ಜಪ್ತಿ ಮಾಡಲಾಯಿತು. ಠಾಣೆಗೆ ಜೀಪು ಹೋಗುವ ದಾರಿ ಕಾರ್ಖಾನೆಯ ಮುಂದೆಯೇ. ಗೇಟಿನಲ್ಲಿ ಹೊಗೆಮನೆಯ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ನಿಂತಿದ್ದರು. ಮೀನಿನ ನೀರು ಅವರ ಕತ್ತಿನ ಮೇಲೆ ಇಳಿಯುತ್ತಿತ್ತು. ಸಿರ್ರೆ ಒಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಬೇಗ ಓಡ್ಸಿ," ಎಂದಳು.

ಸಂಜೆ ನಿಯಿಮಾಳನ್ನು ಕರೆಸಿ ಹೇಳಿಕೆ ಪಡೆದರು. ಸಿರ್ರೆ ಹೇಳಿದ್ದನ್ನು ಜಾಟ್ಟಾ ಅವಳಿಗೆ ಓದಿ ಹೇಳಿದ.

"ಆ ಮಾತು ಆಡಿದ್ದು ನಿಜ," ಎಂದಳು ನಿಯಿಮಾ. "ಅದನ್ನೂ ಬರ್ಕೊಳ್ಳಿ."

"ಅದಕ್ಕೆ ಕಾನೂನಲ್ಲಿ ಯಾವ ಕಲಮೂ ಇಲ್ಲ, ಅಮ್ಮ," ಎಂದ ಜಾಟ್ಟಾ. ಆದರೂ ಬರೆದುಕೊಂಡ.

ಬುಧವಾರ ಬೆಳಿಗ್ಗೆ ಆರೋಪಿಯನ್ನು ಪಟ್ಟಣದ ನ್ಯಾಯಾಲಯಕ್ಕೆ ಕರೆದೊಯ್ದರು. ದೋಣಿಗಳು ಎಂದಿನಂತೆ ಕಾರ್ಖಾನೆಯ ಕಡೆಗೆ ತಿರುಗಿದ್ದವು. ಸಿರ್ರೆಯ ಜಾಗದಲ್ಲಿ ಸಲಿಕೆ ಹಿಡಿಯುವ ಕೆಲಸ ಕೇಳಿಕೊಂಡು ಗೇಟಿನಲ್ಲಿ ಆಗಲೇ ಮೂವರು ನಿಂತಿದ್ದರು. ಅವರಲ್ಲಿ ಒಬ್ಬಳು ನಿಯಿಮಾಳ ಸೊಸೆ.