ಮೂಗು ಮುಚ್ಚಿಸುವ ಗಾಡಿ

ಪೊಲೀಸನ ಸಲಾಕೆ ತನ್ನ ಲಾರಿಯ ತಾಡಪತ್ರಿ ಹರಿದು, ತೊಗರಿ ಚೀಲಗಳ ನಡುವೆ ಹೊಕ್ಕು, ಒಳಗೆ ಅಡಗಿಸಿದ್ದ ರೇಷನ್ ಅಕ್ಕಿಯನ್ನು ರಸ್ತೆಗೆ ಸುರಿಸಿದ್ದನ್ನು ವಿಶ್ವರಾಧ್ಯ ಮರೆತಿರಲಿಲ್ಲ. ಬಡವರ ಅಕ್ಕಿ ಕೊಂಡು ಗಿರಣಿಗೆ ಕಳ್ಳತನದಲ್ಲಿ ಸಾಗಿಸುವವರು ಸುರಪುರದಲ್ಲಿ ಬೇರೆಯವರೂ ಇದ್ದರು. ಸಿಕ್ಕಿಬಿದ್ದವನು ಅವನೊಬ್ಬನೇ. ಯಾರೋ ಚಾಡಿ ಹೇಳಿದ್ದರು. ಹಮಾಲನೋ, ಎದುರಂಗಡಿಯವನೋ, ಹೆಂಡತಿಯ ತಮ್ಮನೋ, ಎಲ್ಲರ ಮೇಲೂ ಅವನಿಗೆ ಗುಮಾನಿ. ಸದ್ಯ ಜಾಮೀನಿನ ಮೇಲೆ ಹೊರಗಿದ್ದ. ಇನ್ನೊಮ್ಮೆ ಸಿಕ್ಕರೆ ಜೈಲು ಖಾತ್ರಿ ಎಂದು ವಕೀಲರು ಮುಲಾಜಿಲ್ಲದೆ ಹೇಳಿದ್ದರು.

ಅಕ್ಕಿಯ ದಂಧೆ ಬಿಡುವ ಯೋಚನೆ ಮಾತ್ರ ಅವನಿಗೆ ಬರಲಿಲ್ಲ. ಬೇಕಾಗಿದ್ದದ್ದು, ಸಲಾಕೆ ಹಿಡಿದವನೇ ದೂರ ಸರಿಯುವಂಥ ಗಾಡಿ. ಒಂದು ದಿನ ಬಸ್ ನಿಲ್ದಾಣದ ಮುಂದೆ, ಪಾಯಖಾನೆ ಗುಂಡಿ ಎಳೆಯುವ ಸಕ್ಕಿಂಗ್ ಗಾಡಿ ಹಾದುಹೋಯಿತು. ಟ್ರಾಫಿಕ್ ಪೊಲೀಸನೂ ಸೇರಿ ಎಲ್ಲರೂ ಮೂಗು ಮುಚ್ಚಿ ಮುಖ ತಿರುಗಿಸಿದರು. ವಿಶ್ವರಾಧ್ಯ ಒಬ್ಬನೇ ಅದನ್ನು ಕಣ್ಣು ತುಂಬಾ ನೋಡಿದ.

ಹೆಣ್ಣು ನೋಡುವವರಷ್ಟು ಕೂಲಂಕಷವಾಗಿ ಗಾಡಿ ಹುಡುಕಿದ. ಯಾದಗಿರಿಯಲ್ಲಿ ಕಂಡದ್ದು ಹೊಸ ಬಣ್ಣ ಬಳಿದು ಮಿಂಚುತ್ತಿತ್ತು. ಅಂದವಾದದ್ದನ್ನು ಜನ ನೋಡುತ್ತಾರೆ, ಬೇಡ. ಹುಣಸಗಿಯದರ ಬಾಯಿ ಕಿರಿದು, ಚೀಲ ತೂರುವುದಿಲ್ಲ. ಶಹಾಪುರದ ಶಾಂತಕುಮಾರನ ಗಾಡಿ ಮಾತ್ರ ಹೇಳಿ ಮಾಡಿಸಿದಂತಿತ್ತು. ಟ್ಯಾಂಕಿನ ಹಿಂಬದಿಯ ಇಡೀ ಮುಚ್ಚಳ ಬಾಗಿಲಿನಂತೆ ತೆರೆದುಕೊಳ್ಳುತ್ತಿತ್ತು. ಹೊರಮೈ ತುಂಬಾ ಒಣಗಿದ ಹೊಲಸು.

"ಸೊಂಟ ಹಿಡದದರಿ, ಪೈಪ್ ಎತ್ತಾಕ ಆಗವಲ್ದು. ಅದಕ್ಕ ಕೊಡಾಕತ್ತೀನಿ," ಎಂದ ಶಾಂತಕುಮಾರ. "ನಾಳಿ ತೊಳದು ಕೊಡ್ತೀನ್ರಿ."

"ತೊಳಿಬ್ಯಾಡ. ಹೆಂಗದೋ ಹಂಗೇ ಇರ್ಲಿ."

"ನನ್ನ ಗಿರಾಕಿಗಳ ನಂಬರ್ ಬರದು ಕೊಡ್ಲೇನ್ರಿ?"

ಇವನಿಗೇಕೆ ಇಷ್ಟು ಉಪಕಾರದ ಹುರುಪು? ತನ್ನ ಕೆಲಸದ ಸುಳಿವು ಹಿಡಿಯಲು ನೋಡುತ್ತಿದ್ದಾನೆ. "ಬ್ಯಾಡ," ಎಂದು ವಿಶ್ವರಾಧ್ಯ ಕೀಲಿ ಕಸಿದುಕೊಂಡ.

ಟ್ಯಾಂಕಿನ ಒಳಗನ್ನು ಫಿನಾಯಿಲ್ ಹಾಕಿ ತೊಳೆಸಿ, ದಪ್ಪ ಪ್ಲಾಸ್ಟಿಕ್ ಹಾಸಿದ. ಹೊರಗಿನ ಹೊಲಸಿಗೆ ಮಾತ್ರ ಯಾರೂ ಕೈ ಹಚ್ಚಕೂಡದು. ಪಂಪು, ಪೈಪು ಇದ್ದಲ್ಲೇ ಇದ್ದವು. ಅಕ್ಕಿ ತುಂಬಿಸಿ ಯಾದಗಿರಿಯ ಕಡೆ ಹೊರಡಿಸಿದ್ದು ಹಾಡುಹಗಲೇ. ರಾತ್ರಿ ಓಡುವ ಗಾಡಿಯನ್ನು ಪೊಲೀಸರು ಅನುಮಾನಿಸುತ್ತಾರೆಂಬುದು ಅವನಿಗೆ ಗೊತ್ತಿತ್ತು. ಡ್ರೈವರ್ ದೇವಿಂದ್ರ ದೇವಾಪುರದವನು, ಬಾಯಿ ಬಿಡದವನು. ಬಾಯಿ ಬಿಡದವರ ಮೇಲೆ ಇನ್ನೂ ಹೆಚ್ಚು ಕಣ್ಣಿಡಬೇಕು. ಅದಕ್ಕೇ ವಿಶ್ವರಾಧ್ಯ ಬೈಕಿನಲ್ಲಿ ಹಿಂದೆಯೇ ಹೊರಟ. ದಾರಿಯುದ್ದಕ್ಕೂ ಜನ ಸೆರಗು, ಟವೆಲು ಮೂಗಿಗೆ ಒತ್ತಿಕೊಂಡು ಸರಿದರು. ಅವನಿಗೆ ರಾಜನ ಸವಾರಿಯ ಖುಷಿ.

ಶಹಾಪುರದ ಹತ್ತಿರ ಚೆಕ್‌ಪೋಸ್ಟಿನ ಹವಾಲ್ದಾರ ಕೈ ಅಡ್ಡ ಹಿಡಿದ. ಕೈಯಲ್ಲಿ ಸಲಾಕೆ ಇರಲಿಲ್ಲ. ಮೂಗನ್ನೂ ಮುಚ್ಚಿರಲಿಲ್ಲ. ವಿಶ್ವರಾಧ್ಯ ಬೈಕನ್ನು ಗಾಡಿಯ ಹಿಂದೆಯೇ ನಿಲ್ಲಿಸಿದ. ಯಾರು ಹೇಳಿಕೊಟ್ಟರು? ದೇವಿಂದ್ರನೇ?

"ಏ ತಮ್ಮಾ, ಎಲ್ಲಿ ಹೋಗಿತ್ತೋ ಈ ಗಾಡಿ?" ಹವಾಲ್ದಾರನ ಮುಖದಲ್ಲಿ ಕಳೆದುಹೋದ ಎಮ್ಮೆ ಸಿಕ್ಕ ಸಂತೋಷ. "ಊರಿಗೆಲ್ಲ ಇದೊಂದೇ ಅದ. ಶಾಂತಕುಮಾರ ಮಾರ್ಯಾನಂತ ಕೇಳಿ ತಲಿ ಕೆಟ್ಟಿತ್ತು. ನಮ್ಮ ಕ್ವಾರ್ಟರ್ಸಿನ ಗುಂಡಿ ತುಂಬಿ ಅಂಗಳಕ್ಕ ಬಂದದ. ನಡಿ, ಮೊದಲ ಅದನ್ನ ಎಳಿ."

"ಟ್ಯಾಂಕ್ ತುಂಬೇದ್ರಿ ಸಾಹೇಬ್ರ," ಎಂದ ದೇವಿಂದ್ರ.

"ತುಂಬಿದ್ರ ಇಲ್ಲೇ ಸುರುವು. ಬಾಜೂದಾಗ ನಮ್ಮ ಮಾವನ ಹತ್ತಿ ಹೊಲ ಅದ, ಗೊಬ್ಬರಾಗ್ತದ." ವಾರದಿಂದ ಕ್ವಾರ್ಟರ್ಸಿನ ಗುಂಡಿಯ ವಾಸನೆಯಲ್ಲೇ ಉಂಡು ಮಲಗಿದವನಿಗೆ ಈ ಗಾಡಿಯ ನಾತ ಲೆಕ್ಕಕ್ಕೇ ಬರಲಿಲ್ಲ. ದೇವಿಂದ್ರ ಇಳಿಯುವುದನ್ನೂ ಕಾಯದೆ ಹಿಂದಕ್ಕೆ ಹೋಗಿ, ಅಂಗಿಯ ತೋಳು ಮಡಚಿ, ಮುಚ್ಚಳದ ಹಿಡಿಯನ್ನು ತಾನೇ ತಿರುವತೊಡಗಿದ.