ದಾಸವಾಳದ ಬುಡದ ಮುಚ್ಚಳ

ಕುಂದಲಹಳ್ಳಿಯ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಯಮನೂರ ಗಾಜಿನ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಜೇಡವನ್ನು ಆರು ವರ್ಷದಿಂದ ಸಾಕಿದ್ದ. 2012ರ ಬೇಸಿಗೆಯಲ್ಲಿ ಊರಿಗೆ ಹೊರಟಾಗ, "ದಿನಾ ಪೆಟ್ಟಿಗ್ಯಾಗಿನ ಬಾಟ್ಲಿ ಮುಚ್ಚಳದಾಗ ಒಂದೀಟು ನೀರು ಹಾಕ್ರಿ ಅಮ್ಮಾರ, ಇಲ್ಲಿ ನನಗ ಅದೊಂದ ಜೊತಿ" ಎಂದ.

ಮೂರನೇ ದಿನ ಅದು ಅಂಗಾತ ಬಿದ್ದಿತ್ತು. ಸತ್ತಿತೆಂದು ಕರವಸ್ತ್ರದಲ್ಲಿ ಗಂಟು ಕಟ್ಟಿ ದಾಸವಾಳದ ಬುಡದಲ್ಲಿ ಹೂತೆ. ಮನಸ್ಸು ಕೇಳದೆ ಬರಿದಾದ ಪೆಟ್ಟಿಗೆಯೊಳಗಿನ ಮುಚ್ಚಳಕ್ಕೆ ಮಾತ್ರ ನೀರು ಹಾಕುತ್ತಲೇ ಇದ್ದೆ. ಸಂಜೆಯೊಳಗೆ ಅದು ಖಾಲಿಯಾಗಿರುತ್ತಿತ್ತು.

ಯಮನೂರ ಬಂದಾಗ ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದೆ. ಅವನೇ ಕೋಣೆಯಿಂದ ಕೂಗಿದ: "ಅಮ್ಮಾರ, ಪೊರಿ ಬಿಟ್ಟೈತ್ರಿ! ಪೊರಿ ಬಿಡುವಾಗ ಅಂಗಾತ ಬೀಳತೈತಿ. ನೋಡಿ ಅಂಜಿದ್ರೇನು?"

ಚಿಲಕ ಹಾಕಿದ್ದ ಪೆಟ್ಟಿಗೆಯಲ್ಲಿ ಜೇಡ ಇನ್ನಷ್ಟು ದೊಡ್ಡದಾಗಿ ಕೂತಿತ್ತು.

ಸಂಜೆ ದಾಸವಾಳದ ಬುಡ ಅಗೆದೆ. ಕರವಸ್ತ್ರದ ಗಂಟು ನಾನು ಹಾಕಿದಂತೆಯೇ ಇತ್ತು. ಅಂಗೈಯಲ್ಲಿಟ್ಟುಕೊಂಡರೆ ಒಳಗೆ ಏನೋ ಮೆಲ್ಲಗೆ ಹೊರಳಿತು. ಬಿಚ್ಚುವ ಧೈರ್ಯವಾಗದೆ ಮತ್ತೆ ಹೂತೆ.

ಈಗ ಅಲ್ಲಿಯೂ ಒಂದು ಮುಚ್ಚಳ ಇಟ್ಟು ದಿನಾ ನೀರು ಹಾಕುತ್ತೇನೆ. ಸಂಜೆಯೊಳಗೆ ಅದೂ ಖಾಲಿಯಾಗಿರುತ್ತದೆ.